ಸುಣ್ಣ, ಜಾಜು, ಬಣ್ಣ: ತಿಪಟೂರು ಸೀಮೆಯ ಪಡಸಾಲೆಯ ಗೋಡೆ

೧

ಚರಿತ್ರೆಯನ್ನು ಬರೆಯುವವರಿಗೆ ಕಲ್ಲು ಒಲಿದಷ್ಟು ಮಣ್ಣು ಒಲಿದಿಲ್ಲ. ತುರುವೇಕೆರೆಯ ಗಂಗಾಧರೇಶ್ವರ ದೇವಾಲಯದ ನಂದಿಯ ಮೈಮೇಲಿನ ಹೊಳಪು ಶತಮಾನಗಳು ಕಳೆದರೂ ಮಾಸಿಲ್ಲ. ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಮೇಲ್ಛಾವಣಿಯ ಶಿಲ್ಪವನ್ನು ಕಲೆಯ ಚರಿತ್ರಕಾರರು ಮತ್ತೆ ಮತ್ತೆ ಕೊಂಡಾಡಿದ್ದಾರೆ. ಆದರೆ ಆ ಕಲ್ಲನ್ನು ಕಡೆದವನು ಸಂಜೆ ಹಿಂದಿರುಗಿದ ಮನೆ ಮಣ್ಣಿನದು. ಅದರ ಗೋಡೆಗೆ ವರ್ಷಕ್ಕೊಮ್ಮೆ ಹೊಸ ಮೈ ಬರುತ್ತಿತ್ತು, ಹಳೆಯ ಮೈ ಅದರ ಕೆಳಗೆ ಅಡಗುತ್ತಿತ್ತು. ಶಾಸನಗಳು ದಾನವನ್ನು ಹೇಳುತ್ತವೆ, ಗಡಿಯನ್ನು ಹೇಳುತ್ತವೆ, ಶಾಪವನ್ನೂ ಹೇಳುತ್ತವೆ. ಜನ ಕುಳಿತು ಮಾತನಾಡಿದ ಪಡಸಾಲೆಯ ಗೋಡೆಯನ್ನು ಹೇಳುವುದು ಅವುಗಳ ಕೆಲಸವಲ್ಲ.

ಹೀಗಿದ್ದರೂ ಮನೆಯ ಗೋಡೆಗೆ ಯಾವ ಬಣ್ಣವನ್ನು ಹಚ್ಚಬೇಕು, ಪಡಸಾಲೆಯನ್ನು ಹೇಗೆ ಸಿಂಗರಿಸಬೇಕು ಎಂಬ ಪ್ರಶ್ನೆಯು ಚರಿತ್ರೆಗೆ ಹೊರಗಾದುದಲ್ಲ. ಇಂದು ಅದು ಪ್ರತಿಯೊಬ್ಬ ಗೃಹಸ್ಥನ ರುಚಿಗೆ ಬಿಟ್ಟ ವಿಷಯವೆಂದು ನಾವು ಭಾವಿಸುತ್ತೇವೆ. ಅಂಗಡಿಯಲ್ಲಿ ನೂರಾರು ಬಣ್ಣಗಳ ತುಣುಕುಗಳನ್ನು ಅಂಟಿಸಿದ ಪಟ್ಟಿಯನ್ನು ಮುಂದಿಟ್ಟಾಗ ಆಯ್ಕೆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದ ಹಕ್ಕೆಂಬಂತೆ ತೋರುತ್ತದೆ. ಈ ಭಾವನೆ ತೀರ ಈಚಿನದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಗೋಡೆಯ ಬಣ್ಣವು ನೆಲದಿಂದ ಬಂದ ಕಾಲ ಯಾವುದು, ಪೇಟೆಯಿಂದ ಬಂದ ಕಾಲ ಯಾವುದು, ಈ ಎರಡರ ನಡುವೆ ಮನೆಯವರ ದುಡಿಮೆಯಲ್ಲಿಯೂ ತಿಳಿವಳಿಕೆಯಲ್ಲಿಯೂ ಆದ ಪಲ್ಲಟವೇನು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಗ್ರಂಥಗಳ ಸಾಕ್ಷ್ಯವನ್ನು ನೋಡೋಣ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಈ ಹೆಸರಿನಿಂದಲೇ ಅದರ ಮೊದಲ ಭಾಗವು ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ೧೯೨೬ರಲ್ಲಿ ಮೈಸೂರಿನಿಂದ ಪ್ರಕಟವಾಯಿತು. ಚಿತ್ರಕ್ಕಾಗಿ ಗೋಡೆಯನ್ನು ಸಿದ್ಧಗೊಳಿಸುವ ಕ್ರಮವನ್ನು ಈ ಗ್ರಂಥವು ವಿವರವಾಗಿ ಹೇಳುತ್ತದೆ. ಸುಣ್ಣದ ಗಾರೆಯಿಂದ ಗೋಡೆಯನ್ನು ನುಣುಪುಗೊಳಿಸಬೇಕು. ಎಮ್ಮೆಯ ಚರ್ಮವನ್ನು ಕುದಿಸಿ ತೆಗೆದ ವಜ್ರಲೇಪವೆಂಬ ಅಂಟನ್ನು ಬಣ್ಣಕ್ಕೆ ಬೆರೆಸಬೇಕು. ಬಿಳುಪಿಗೆ ಶಂಖ, ಕೆಂಪಿಗೆ ಇಂಗುಲಿಕ ಮತ್ತು ಗೈರಿಕ, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ. ಇವು ಶುದ್ಧವರ್ಣಗಳು, ಉಳಿದವು ಇವುಗಳ ಮಿಶ್ರಣದಿಂದ ಹುಟ್ಟುವುವು. ಕೆಳದಿಯ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಆದಿಯಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ವೂ ಇಂಥದೇ ವಿಶ್ವಕೋಶವಾಗಿದ್ದು ಚಿತ್ರಕರ್ಮಕ್ಕೆ ಅಲ್ಲಿಯೂ ಸ್ಥಾನವುಂಟು.

ಇವೆರಡೂ ಅರಸರು ಬರೆದ ಗ್ರಂಥಗಳು ಎಂಬುದನ್ನು ಮರೆಯುವಂತಿಲ್ಲ. ಇಂಗುಲಿಕವಾಗಲಿ ಹರಿತಾಳವಾಗಲಿ ಹಳ್ಳಿಯ ಗೋಡೆಗೆ ದೊರೆಯುವ ವಸ್ತುವಲ್ಲ. ಆದರೂ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಅದರಲ್ಲಿ ಎರಡು ಬಗೆಯ ಪದಾರ್ಥಗಳು ಕಲೆತಿರುವುದು ಕಾಣುತ್ತದೆ. ಒಂದು, ದೂರದಿಂದ ತರಿಸಿದ ದುಬಾರಿ ಖನಿಜ. ಇನ್ನೊಂದು, ಯಾವ ಊರಿನ ಸುತ್ತಲೂ ದೊರೆಯಬಹುದಾದ ಸುಣ್ಣ, ಕೆಮ್ಮಣ್ಣು ಮತ್ತು ಮಸಿ. ಅರಮನೆಯ ವರ್ಣಶಾಲೆಯಿಂದ ಮೊದಲನೆಯ ಬಗೆಯನ್ನು ತೆಗೆದರೆ ಉಳಿಯುವುದೇ ಹಳ್ಳಿಯ ಮನೆಯ ವರ್ಣಶಾಲೆ. ಶಾಸ್ತ್ರವೂ ಬಳಕೆಯೂ ಇಲ್ಲಿ ಬೇರೆಬೇರೆಯಲ್ಲ. ಒಂದೇ ಏಣಿಯ ಮೇಲಿನ ಮತ್ತು ಕೆಳಗಿನ ಮೆಟ್ಟಿಲುಗಳು.

ನಡುವಣ ಮೆಟ್ಟಿಲೊಂದು ತುಮಕೂರು ಜಿಲ್ಲೆಯಲ್ಲಿಯೇ ಇದೆ. ತುಮಕೂರಿನಿಂದ ಸಿರಾಕ್ಕೆ ಹೋಗುವ ದಾರಿಯಲ್ಲಿರುವ ಸೀಬಿಯ ನರಸಿಂಹ ದೇವಾಲಯವನ್ನು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ನಲ್ಲಪ್ಪನೂ ಅವನ ಸಹೋದರರೂ ಕಟ್ಟಿಸಿದರು. ಅದರ ಮಂಟಪದ ಮೇಲ್ಛಾವಣಿಯ ಚಿತ್ರಗಳಲ್ಲಿ ಪುರಾಣದ ಪ್ರಸಂಗಗಳ ಜೊತೆಗೆ ಆ ಕಾಲದ ಆಸ್ಥಾನದ ದೃಶ್ಯಗಳೂ ಸೇರಿವೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ೧೭೮೪ರದು. ಅದರ ಗೋಡೆಯ ಚಿತ್ರಗಳ ಮೇಲೆ ಒಂದು ಕಾಲದಲ್ಲಿ ಸುಣ್ಣ ಬಳಿದಿದ್ದರು. ಮುಂದೆ ೧೮೫೫ರಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ ಅವನ್ನು ಮರಳಿ ಬರೆಯಿಸಲಾಯಿತು. ಚಿತ್ರವನ್ನು ಮರೆಮಾಡಿದ ಆ ಸುಣ್ಣವನ್ನು ಓದುಗರು ನೆನಪಿನಲ್ಲಿಡಬೇಕು. ಸುಣ್ಣವು ಮುಚ್ಚುತ್ತದೆ, ಮುಚ್ಚಿದುದನ್ನು ಅನೇಕ ವೇಳೆ ಉಳಿಸುತ್ತದೆ. ಲೇಖನದ ಕೊನೆಯಲ್ಲಿ ಈ ಮಾತಿಗೆ ಮರಳಿ ಬರಬೇಕಾಗುತ್ತದೆ.

೩

ಇನ್ನು ನೆಲದ ಸಾಕ್ಷ್ಯ. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲು ಚಿತ್ರದುರ್ಗದ ಕಡೆಯಿಂದ ಇಳಿದುಬರುವ ಪುರಾತನ ಪದರಶಿಲೆಗಳ ಪಟ್ಟಿಗೆ ಸೇರಿದುದು. ಕಬ್ಬಿಣದ ಅದಿರು, ಮ್ಯಾಂಗನೀಸ್, ಸುಣ್ಣಕಲ್ಲು ಈ ಮೂರೂ ಅಲ್ಲಿ ಒಂದರ ಬಳಿ ಒಂದು ದೊರೆಯುತ್ತವೆ. ಕಬ್ಬಿಣವುಳ್ಳ ಕಲ್ಲು ಮಳೆಗಾಳಿಗೆ ಸಿಕ್ಕಿ ಶಿಥಿಲವಾದಾಗ ಉಳಿಯುವ ನಯವಾದ ಕೆಂಪು ಅಥವಾ ಹಳದಿ ಮಣ್ಣೇ ಬಣ್ಣದ ಮಣ್ಣು. ಕನ್ನಡದಲ್ಲಿ ಇದಕ್ಕೆ ಒಂದಲ್ಲ, ಹಲವು ಹೆಸರುಗಳಿವೆ: ಕೆಮ್ಮಣ್ಣು, ಜಾಜು, ಕಾವಿ, ಹುರುಮಂಜಿ. ಕೊನೆಯ ಶಬ್ದವು ವಿಶೇಷವಾದುದು. ಪಾರಸಿಯ ಕೊಲ್ಲಿಯ ಹೊರ್ಮುಜ್ ಬಂದರಿನ ಹೆಸರು ಅದರಲ್ಲಿ ಅಡಗಿದೆ. ಅಲ್ಲಿಂದ ಹಡಗಿನಲ್ಲಿ ಬರುತ್ತಿದ್ದ ಕೆಂಪುಮಣ್ಣಿನ ಹೆಸರು ಒಳನಾಡಿನ ಕೆಂಪುಮಣ್ಣಿಗೂ ಅಂಟಿಕೊಂಡಿತು. ನೆಲದ ಬಣ್ಣಕ್ಕೆ ಸಮುದ್ರದ ವ್ಯಾಪಾರವು ಹೆಸರಿಟ್ಟುದಕ್ಕೆ ಇದೊಂದು ನಿದರ್ಶನ.

'ಸುಣ್ಣ' ಎಂಬುದು ಸಂಸ್ಕೃತದ ಚೂರ್ಣ ಶಬ್ದದ ತದ್ಭವ. 'ಬಣ್ಣ'ವು ವರ್ಣದ ತದ್ಭವ. ಎರಡನ್ನೂ ಜೋಡಿಸಿ 'ಸುಣ್ಣಬಣ್ಣ' ಎಂದೇ ನಾವು ಆಡುತ್ತೇವೆ. ಈ ಜೋಡಿಯಲ್ಲಿ ಸುಣ್ಣವು ಮೊದಲು ಬರುವುದು ಆಕಸ್ಮಿಕವಲ್ಲ. ಸುಣ್ಣವೇ ಗೋಡೆಯ ಮೈ, ಬಣ್ಣವು ಅದರ ಅಂಚು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರೆರೆದು ಅರಳಿಸಿ, ತಿಳಿಯಾಗಿ ಸೋಸಿ, ಅಂಟಿಕೊಳ್ಳಲೆಂದು ಗಂಜಿಯನ್ನೋ ಗೋಂದನ್ನೋ ಬೆರೆಸಿ, ನಾರಿನ ಕುಂಚದಿಂದ ಬಳಿಯುವುದು ಕ್ರಮ. ಬಳಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಮತ್ತೆ ಕಲ್ಲಾಗುತ್ತದೆ. ಗೂಡಿನ ಬೆಂಕಿಯಲ್ಲಿ ಕಳೆದುಕೊಂಡುದನ್ನು ಗೋಡೆಯ ಮೇಲೆ ಮರಳಿ ಪಡೆಯುತ್ತದೆ. ಅಂದಮೇಲೆ ಸುಣ್ಣ ಬಳಿಯುವುದೆಂದರೆ ಮಣ್ಣಿನ ಗೋಡೆಯ ಮೇಲೆ ಕೂದಲೆಳೆಯಷ್ಟು ದಪ್ಪದ ಕಲ್ಲಿನ ಪೊರೆಯನ್ನು ಬೆಳೆಯಿಸುವುದೇ ಸರಿ.

ಈ ರಸಾಯನದಲ್ಲಿಯೇ ಬಣ್ಣದ ಇತಿಮಿತಿಯೂ ಅಡಗಿದೆ. ಅರಳಿಸಿದ ಸುಣ್ಣವು ತೀಕ್ಷ್ಣವಾದ ಕ್ಷಾರ. ಅರಿಸಿನದ ಹಳದಿ ಅದರೊಡನೆ ಸೇರಿದೊಡನೆ ಕೆಂಪಾಗುತ್ತದೆ. ಆರತಿಯ ಓಕುಳಿಯನ್ನು ಕಲಸುವ ಪ್ರತಿಯೊಬ್ಬ ಗೃಹಿಣಿಗೂ ಇದು ತಿಳಿದ ವಿಷಯ. ಎಲೆ ಹೂಗಳ ಬಣ್ಣಗಳು ಸುಣ್ಣದಲ್ಲಿ ಕೆಡುತ್ತವೆ, ಬಿಸಿಲಿಗೆ ಹಾರುತ್ತವೆ. ಕ್ಷಾರವನ್ನು ತಾಳಿ ನಿಲ್ಲುವುದು ಕಬ್ಬಿಣದ ಮಣ್ಣುಗಳು ಮತ್ತು ಇದ್ದಿಲಿನ ಕಪ್ಪು. ಹೀಗಾಗಿ ಬಿಳುಪು, ಕೆಂಪು, ಮಣ್ಣುಹಳದಿ, ಕಪ್ಪು ಈ ನಾಲ್ಕರೊಳಗೇ ಗೋಡೆಯ ಶೋಭೆಯೆಲ್ಲ ನಡೆಯಬೇಕಾಗಿತ್ತು. ಹಳ್ಳಿಯ ಗೋಡೆ ಬಿಳುಪು ಕೆಂಪಾಗಿದ್ದುದಕ್ಕೆ ಸಂಪ್ರದಾಯ ಒಂದು ಕಾರಣವೆಂಬುದು ನಿಜ. ಆದರೆ ಸಂಪ್ರದಾಯದ ಹಿಂದೆ ಪದಾರ್ಥದ ನಿರ್ಬಂಧವಿತ್ತೆಂಬುದನ್ನು ಕಾಣದಿದ್ದರೆ ವಿವರಣೆ ಅರ್ಧಕ್ಕೆ ನಿಂತಂತಾಗುತ್ತದೆ.

ಇಲ್ಲಿ ಇನ್ನೊಂದು ಸ್ವಾರಸ್ಯವನ್ನು ಗಮನಿಸಬೇಕು. ತಿಪಟೂರು ಎಣ್ಣೆಯ ನಾಡು. ಎಣ್ಣೆ ಇಷ್ಟು ಸಮೃದ್ಧವಾಗಿರುವಾಗ ಎಣ್ಣೆಬಣ್ಣವು ಇಲ್ಲಿ ಏಕೆ ಹುಟ್ಟಲಿಲ್ಲ? ಉತ್ತರ ಸರಳವಾದುದು. ಬಣ್ಣಕ್ಕೆ ಬೇಕಾದುದು ಗಾಳಿಯಲ್ಲಿ ಒಣಗಿ ಪೊರೆಯಾಗುವ ಎಣ್ಣೆ. ಅಗಸೆಯ ಎಣ್ಣೆಗೆ ಆ ಗುಣವುಂಟು. ಕೊಬ್ಬರಿ ಎಣ್ಣೆಗೆ ಇಲ್ಲ. ಅದನ್ನು ಎಷ್ಟು ದಿನ ಹರಡಿಟ್ಟರೂ ಅದು ಜಿಡ್ಡಾಗಿಯೇ ಉಳಿಯುತ್ತದೆ. ದೀಪಕ್ಕೆ, ತಲೆಗೆ, ಅಡಿಗೆಗೆ ಒದಗಿದ ಎಣ್ಣೆ ಗೋಡೆಗೆ ಒದಗಲಿಲ್ಲ. ಆದುದರಿಂದ ಈ ಸೀಮೆಯು ಗೋಡೆಯ ಮಟ್ಟಿಗೆ ನೀರಿನ ಬಣ್ಣದ ಸೀಮೆಯಾಗಿಯೇ ಬಹುಕಾಲ ಉಳಿಯಿತು.

ಈ ಕೆಲಸಕ್ಕೆ ಕನ್ನಡದಲ್ಲಿ 'ಸಾರಣೆ ಕಾರಣೆ' ಎಂಬ ಹೆಸರಿದೆ. ಸಾರಣೆಯೆಂದರೆ ಸೆಗಣಿಯಿಂದ ನೆಲವನ್ನೂ ಗೋಡೆಯ ಬುಡವನ್ನೂ ಸಾರಿಸುವುದು. ಕಾರಣೆಯೆಂದರೆ ಜಾಜಿನಿಂದಲೋ ಸುಣ್ಣದಿಂದಲೋ ಅಂಚು, ಪಟ್ಟೆ, ಬಳ್ಳಿಗಳನ್ನು ಎಳೆಯುವುದು. ಯುಗಾದಿ, ಮಹಾನವಮಿ, ದೀಪಾವಳಿ, ಊರಹಬ್ಬ, ಮದುವೆ ಇವು ಅದರ ಕಾಲಗಳು. ಕಾರಣೆಯ ಕೆಲಸ ಬಹುಪಾಲು ಹೆಂಗಸರದು. ಬಣ್ಣ ಯಾವುದೆಂಬುದು ಆಗಲೇ ಗೊತ್ತಾಗಿತ್ತು; ಗೆರೆ ಎಲ್ಲಿ, ಎಷ್ಟು ಅಗಲ, ಬಳ್ಳಿ ಯಾವ ಕಡೆಗೆ ಎಂಬುದಷ್ಟೇ ಅವರ ಆಯ್ಕೆ. ಈಗ ಆಯ್ಕೆಯು ಬಣ್ಣದಲ್ಲಿದೆ, ಆಗ ಗೆರೆಯಲ್ಲಿತ್ತು. ಮದುವೆಯಲ್ಲಿ ಹಸೆ ಬರೆಯುವ ಗೋಡೆಗೆ ಮಾತ್ರ ವಿಶೇಷ ಮರ್ಯಾದೆ. ಮಲೆನಾಡಿನ ದೀವರ ಮನೆಗಳ ಹಸೆಚಿತ್ತಾರ ಇಂದು ಹೆಸರುವಾಸಿಯಾಗಿದೆ; ಬಯಲುಸೀಮೆಯ ಕಾರಣೆ ಅಷ್ಟು ಖ್ಯಾತಿಯನ್ನು ಪಡೆಯಲಿಲ್ಲ. ಆದರೂ ಎರಡೂ ಒಂದೇ ಕೈಯ ವಿದ್ಯೆ.

೪

ತಿಪಟೂರು ಸೀಮೆಯ ಮನೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಅದರ ಅಟ್ಟವನ್ನು ನೋಡಬೇಕು. ಈ ಸೀಮೆಯ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಒಣಗಿಸಿದ ಹೋಳಲ್ಲ. ಚೆನ್ನಾಗಿ ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳವರೆಗೆ ಕೂಡಿಟ್ಟಾಗ, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಅಲ್ಲಾಡತೊಡಗುತ್ತದೆ. ಆಮೇಲೆಯೇ ಅದನ್ನು ಒಡೆದು ಉಂಡೆಯಾಗಿ ತೆಗೆಯುವುದು. ಅಂದರೆ ಒಂದು ವರ್ಷದ ಫಸಲು ಮನೆಯವರ ತಲೆಯ ಮೇಲೆಯೇ ಇರುತ್ತದೆ. ಅದಕ್ಕೆ ಬೇಕಾದುದು ಒಣ ಗಾಳಿ, ನೆರಳು ಮತ್ತು ಭದ್ರತೆ. ಮನೆಯ ಆಕಾರವು ಈ ಅಗತ್ಯಕ್ಕೆ ಹೊಂದಿಕೊಂಡಿತು. ಪಡಸಾಲೆಯ ಮೇಲೆ ಹಲಗೆಯ ಅಟ್ಟ, ತಗ್ಗಾದ ಮಾಡು, ಕಿರಿದಾದ ಕಿಟಕಿ, ದಪ್ಪವಾದ ಗೋಡೆ. ಕಾಯಿಗೆ ಹಿತವಾದುದು ಮನುಷ್ಯನ ಕಣ್ಣಿಗೆ ಕತ್ತಲೆಯಾಯಿತು.

ಸುಣ್ಣದ ಬಿಳುಪಿಗೆ ಇಲ್ಲಿ ಅಲಂಕಾರಕ್ಕಿಂತ ಹೆಚ್ಚಿನ ಪ್ರಯೋಜನವಿತ್ತು. ಎಣ್ಣೆಯ ದೀಪದ ಬೆಳಕು ದುರ್ಬಲವಾದುದು. ಬಿಳಿಯ ಗೋಡೆ ಅದನ್ನು ತಿರುಗಿಸಿ ಕೊಡುತ್ತದೆ, ಮಣ್ಣಿನ ಗೋಡೆ ನುಂಗುತ್ತದೆ. ದೀಪದ ಗೂಡಿನ ಸುತ್ತ ಒಂದು ಮೊಳ ಸುಣ್ಣ ಬಳಿದರೂ ಮನೆಯ ಬೆಳಕು ಹೆಚ್ಚುತ್ತದೆ. ಒಲೆಯ ಹೊಗೆಯೂ ದೀಪದ ಕುಡಿಯೂ ಆ ಬಿಳುಪನ್ನು ವರ್ಷದೊಳಗೆ ಕಂದಿಸುತ್ತಿದ್ದವು. ವಾರ್ಷಿಕ ಸುಣ್ಣವು ಅದಕ್ಕೆ ಪರಿಹಾರ. ಗೋಡೆಯ ಬುಡದಲ್ಲಿ ಎರಡು ಮೂರು ಅಡಿ ಎತ್ತರದ ಜಾಜಿನ ಪಟ್ಟೆಗೂ ಇಂಥದೇ ಕಾರಣವನ್ನು ಊಹಿಸಬಹುದು. ನೆಲವನ್ನು ಸಾರಿಸುವಾಗ ಸಿಡಿಯುವ ಸೆಗಣಿನೀರು, ಚಾಪೆಯ ಮೇಲೆ ಕುಳಿತು ಒರಗುವವರ ಬೆನ್ನು ತಲೆಗಳ ಎಣ್ಣೆಯ ಜಿಡ್ಡು, ಮಕ್ಕಳ ಕೈ ಇವೆಲ್ಲ ಆ ಎತ್ತರದೊಳಗೇ ಬೀಳುವುವು. ಕೆಂಪು ಅವನ್ನು ಮುಚ್ಚುತ್ತದೆ, ಬಿಳುಪು ಎತ್ತಿ ತೋರಿಸುತ್ತದೆ. ದೇವಾಲಯದ ಪ್ರಾಕಾರದ ಮೇಲಿನ ಸುಣ್ಣ ಕೆಮ್ಮಣ್ಣಿನ ಪಟ್ಟೆಗಳಲ್ಲಿ ಮಂಗಳವೆಂಬ ಭಾವವೇ ಮುಖ್ಯ. ಮನೆಯ ಪಟ್ಟೆಯಲ್ಲಿ ಮಂಗಳವೂ ಉಪಯೋಗವೂ ಒಂದಾಗಿವೆ.

ಪಡಸಾಲೆಯ ಉಳಿದ ಸಜ್ಜು ಯಾವುದು? ಇದಕ್ಕೆ ಶಬ್ದಗಳೇ ಉತ್ತರವನ್ನು ಕೊಡುತ್ತವೆ. ಗೋಡೆ, ಗೂಡು, ಗೂಟ, ಜಗುಲಿ, ಕಂಬ, ತೊಟ್ಟಿ, ಚಾಪೆ, ತೊಟ್ಟಿಲು ಇವು ನುಡಿಯಲ್ಲಿ ಬಹುಕಾಲದಿಂದ ಬೇರೂರಿದ ಮಾತುಗಳು. ಕುರ್ಚಿಯು ಅರಬ್ಬಿಯಿಂದ ಬಂದಿತು, ಅಲಮಾರು ಪೋರ್ತುಗೀಸರಿಂದ, ಬೀರು ಫ್ರೆಂಚ್ ಮೂಲದ್ದು. ಹೊರಗಿನ ಶಬ್ದಗಳೆಲ್ಲ ಎತ್ತಿಡಬಹುದಾದ ವಸ್ತುಗಳಿಗೆ, ಒಳಗಿನ ಶಬ್ದಗಳು ಬಹುಮಟ್ಟಿಗೆ ಕಟ್ಟಡದ ಅಂಗಗಳಿಗೆ ಸಲ್ಲುವುದನ್ನು ಗಮನಿಸಬೇಕು. ಹಳೆಯ ಪಡಸಾಲೆಯಲ್ಲಿ ಅಲಂಕಾರವು ಗೋಡೆಯೊಳಗೂ ಕಂಬದ ಮೇಲೂ ಬಾಗಿಲವಾಡದ ಕೆತ್ತನೆಯಲ್ಲಿಯೂ ಕೂಡಿಕೊಂಡಿತ್ತು. ಮನೆಯನ್ನು ಬಿಟ್ಟು ಬೇರೆಯಾದ ಅಲಂಕಾರವೆಂಬುದು ಹಬ್ಬದ ತೋರಣ, ಮದುವೆಯ ಚಪ್ಪರ ಇಷ್ಟೇ. ಅವು ಒಣಗಿದ ಮೇಲೆ ಕೀಳತಕ್ಕವು.

೫

ಈ ವ್ಯವಸ್ಥೆಯನ್ನು ಕದಲಿಸಿದ ಮೊದಲ ಶಕ್ತಿ ರೈಲು. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರವನ್ನು ಮುಟ್ಟುವ ಮಾರ್ಗವು ೧೮೮೯ರಲ್ಲಿ ಪೂರ್ಣಗೊಂಡಿತು. ಹೊನ್ನವಳ್ಳಿಯ ಹೆಸರಿನಲ್ಲಿದ್ದ ತಾಲ್ಲೂಕಿಗೆ ತಿಪಟೂರು ಕೇಂದ್ರವಾಯಿತು. ಕೊಬ್ಬರಿಯ ಮಾರುಕಟ್ಟೆ ಬೆಳೆಯಿತು. ಉಂಡೆ ಕೊಬ್ಬರಿ ಉತ್ತರ ದೇಶದ ಪೇಟೆಗಳಿಗೆ ಹೋಗುತ್ತಿದ್ದ ಹಾದಿಯಲ್ಲಿಯೇ ಹೊರಗಿನ ಪದಾರ್ಥಗಳು ಒಳಕ್ಕೆ ಬಂದುವು. ಅವುಗಳಲ್ಲಿ ಮುಖ್ಯವಾದವು ಮೂರು.

ಮೊದಲನೆಯದು ಹೆಂಚು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನಾಡಹೆಂಚಿಗಿಂತ ಹಗುರವಾದ, ಒಂದಕ್ಕೊಂದು ಕೊಂಡಿಯಂತೆ ಕೂಡುವ ಮಂಗಳೂರು ಹೆಂಚು ಬಂದ ಮೇಲೆ ಮಾಡು ಎತ್ತರವಾಗುವುದು ಸಾಧ್ಯವಾಯಿತು. ಗೋಡೆ ಎತ್ತರವಾದಷ್ಟೂ ಬಳಿಯಬೇಕಾದ ಮೈ ಹೆಚ್ಚಿತು, ಏಣಿ ಬೇಕಾಯಿತು, ಏಣಿಯೊಡನೆ ಕೂಲಿಯವನು ಬಂದನು.

ಎರಡನೆಯದು ನೀಲಿ. ಬೆಲೆಬಾಳುವ ರಾಜಾವರ್ತವೆಂಬ ಕಲ್ಲಿನಿಂದ ಮಾತ್ರ ದೊರೆಯುತ್ತಿದ್ದ ಗಾಢ ನೀಲಿಯನ್ನು ಕೃತಕವಾಗಿ ಮಾಡುವ ವಿಧಾನವನ್ನು ಫ್ರಾನ್ಸಿನ ಗಿಮೆ, ಜರ್ಮನಿಯ ಗ್ಮೆಲಿನ್ ಇವರು ೧೮೨೮ರ ಸುಮಾರಿಗೆ ಕಂಡುಹಿಡಿದಿದ್ದರು. ಬಟ್ಟೆಗೆ ಹಾಕುವ ನೀಲಿಯಾಗಿ ಅದು ಅಂಗಡಿಗೆ ಬಂದಿತು. ಸುಣ್ಣದ ಕ್ಷಾರವನ್ನು ಅದು ತಾಳಬಲ್ಲದು. ಬಟ್ಟೆಯ ಹಳದಿಯನ್ನು ಮರೆಸುವ ಚಿಟಿಕೆ ನೀಲಿಯೇ ಸುಣ್ಣಕ್ಕೂ ಬಿದ್ದಿತು. ಚಿಟಿಕೆ ಹೆಚ್ಚಾದಾಗ ಗೋಡೆಯೇ ತಿಳಿನೀಲಿಯಾಯಿತು. ಗೋಡೆಯ ವರ್ಣಶಾಲೆಗೆ ಶತಮಾನಗಳ ಬಳಿಕ ಹೊಸದೊಂದು ಬಣ್ಣ ಸೇರಿದುದು ಹೀಗೆ, ಅದೂ ಅಗಸರ ಕೆಲಸದ ಪದಾರ್ಥದಿಂದ.

ಮೂರನೆಯದು ಅಚ್ಚಿನ ಚಿತ್ರ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅರಳಿದ ಮೈಸೂರು ಸಂಪ್ರದಾಯದ ಚಿನ್ನದ ರೇಕಿನ ಚಿತ್ರಗಳು ಅರಮನೆ, ಮಠ, ಸಿರಿವಂತರ ಮನೆಗಳ ಸೊತ್ತಾಗಿದ್ದುವು. ರಾಜಾ ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ ಲಕ್ಷ್ಮೀ ಸರಸ್ವತಿಯರು ಅಲ್ಪಬೆಲೆಗೆ ಮನೆಮನೆಗೂ ಬಂದರು. ಕಟ್ಟು ಹಾಕಿದ ಪಟಗಳು ಪಡಸಾಲೆಯ ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ, ಮುಂದಕ್ಕೆ ಬಾಗಿದಂತೆ ನಿಂತುವು. ಕಾಲಕ್ರಮದಲ್ಲಿ ಹಿರಿಯರ ಫೋಟೋಗಳೂ ಅವುಗಳ ಪಕ್ಕದಲ್ಲಿ ಸೇರಿಕೊಂಡುವು. ಇದರ ಪರಿಣಾಮ ಸಣ್ಣದಲ್ಲ. ಇಷ್ಟು ದಿನ ಗೋಡೆಯೇ ಚಿತ್ರವಾಗಿತ್ತು. ಇನ್ನು ಗೋಡೆಯು ಚಿತ್ರದ ಹಿನ್ನೆಲೆಯಾಯಿತು. ಹಿನ್ನೆಲೆ ಸಮವಾಗಿರಬೇಕು, ಸದ್ದಿಲ್ಲದಂತಿರಬೇಕು. ಕಾರಣೆಯ ಬಳ್ಳಿಗೂ ಕಟ್ಟು ಹಾಕಿದ ಪಟಕ್ಕೂ ಒಂದೇ ಗೋಡೆಯಲ್ಲಿ ಜಾಗ ಸಾಲಲಿಲ್ಲ. ಸ್ಥಳವನ್ನು ಬಿಟ್ಟುಕೊಟ್ಟುದು ಬಳ್ಳಿ.

ಇದೇ ಕಾಲದಲ್ಲಿ ಬಂದ ಇನ್ನೊಂದು ಘಟನೆಯನ್ನು ಮರೆಯಲಾಗದು. ೧೮೯೮ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಜನ ಊರು ಬಿಟ್ಟು ಬಯಲಿನ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಇರಬೇಕಾಯಿತು. ಬೆಳಕು ಗಾಳಿಗಳಿಲ್ಲದ ಮನೆ ರೋಗದ ಮನೆ ಎಂಬ ತಿಳಿವಳಿಕೆ ಅಲ್ಲಿಂದ ಮುಂದೆ ಬಲವಾಯಿತು. ಸುಣ್ಣವು ಮಂಗಳದ ಪದಾರ್ಥವಾಗಿದ್ದುದರ ಜೊತೆಗೆ ಆರೋಗ್ಯದ ಪದಾರ್ಥವೂ ಆಯಿತು. ಹಬ್ಬದ ಕರ್ತವ್ಯವಾಗಿದ್ದುದು ನಾಗರಿಕನ ಕರ್ತವ್ಯವೂ ಆಯಿತು. ಬಿಳುಪಿನ ಅರ್ಥವೇ ಹೀಗೆ ಬದಲಾಯಿತು ಎಂದರೆ ತಪ್ಪಾಗದು.

೬

ಇಪ್ಪತ್ತನೆಯ ಶತಮಾನದಲ್ಲಿ ಬಣ್ಣವು ಕಾರ್ಖಾನೆಯ ಸರಕಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಅರಗನ್ನು ಆಧಾರವಾಗಿಟ್ಟುಕೊಂಡು ಮೈಸೂರಿನಲ್ಲಿ ಸ್ಥಾಪಿತವಾದ ಕಾರ್ಖಾನೆಯು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದು ಹೆಸರಾಯಿತು. ೧೯೬೨ರ ಮಹಾಚುನಾವಣೆಯಿಂದ ಮೊದಲುಗೊಂಡು ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದುದು ಇದೇ ಸಂಸ್ಥೆ. ಈಗ ಇದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಮುಂಬಯಿಯಲ್ಲಿ ೧೯೪೨ರಲ್ಲಿ ಏಷ್ಯನ್ ಪೇಂಟ್ಸ್ ಹುಟ್ಟಿತು. ಕುಂಚವನ್ನು ಹಿಡಿದ ಅದರ ತುಂಟ ಹುಡುಗ ಗಟ್ಟುವಿನ ಚಿತ್ರವನ್ನು ೧೯೫೪ರಲ್ಲಿ ಬರೆದವರು ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್. ಹೊಲದ ಬದಿಯಿಂದ ಮೊರದಲ್ಲಿ ಬರುತ್ತಿದ್ದ ಬಣ್ಣ ಇನ್ನು ಡಬ್ಬಿಯಲ್ಲಿ, ಹೆಸರು ಮತ್ತು ಚಿತ್ರಗಳೊಡನೆ ಬಂದಿತು.

ಇದೇ ವೇಳೆಗೆ ಗೋಡೆಯೂ ಬದಲಾಯಿತು. ೧೯೫೮ರಲ್ಲಿ ಸ್ಥಾಪಿತವಾದ ಮೈಸೂರು ಸಿಮೆಂಟ್ಸ್ ಕಂಪನಿಯು ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಕಾರ್ಖಾನೆಯನ್ನು ನಡೆಸಿತು. ೨೦೦೬ರಲ್ಲಿ ಅದು ಜರ್ಮನಿಯ ಹೈಡೆಲ್‌ಬರ್ಗ್ ಸಿಮೆಂಟ್ ಸಮೂಹದ ಕೈಸೇರಿತು. ಸುಣ್ಣದ ಗೂಡಿಗೆ ಕಲ್ಲನ್ನು ಕೊಡುತ್ತಿದ್ದ ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲೇ ಸಿಮೆಂಟಿಗೂ ಸುಣ್ಣಕಲ್ಲನ್ನು ಕೊಟ್ಟಿತು. ನೆಲ ಒಂದೇ, ಅದರಿಂದ ಹೊರಟ ಪದಾರ್ಥ ಬೇರೆ. ಹಳ್ಳಿಯ ಕೈಗೆ ಎಟುಕುವ ಗೂಡಿನಿಂದ ಕಂಪನಿಯ ಒಲೆಗೆ ಸುಣ್ಣಕಲ್ಲು ಹೋದಂತೆ ಗೋಡೆಯ ಮೇಲಿನ ಅಧಿಕಾರವೂ ಮನೆಯಿಂದ ಹೊರಕ್ಕೆ ಹೋಯಿತು. ಕೆಂಪುಮಣ್ಣಿನ ಸ್ಥಾನದಲ್ಲಿ ಕಬ್ಬಿಣದ ಕೆಂಪು ಪುಡಿಯನ್ನು ಸಿಮೆಂಟಿಗೆ ಬೆರೆಸಿ ಉಜ್ಜಿದ ರೆಡ್ ಆಕ್ಸೈಡ್ ನೆಲ ಬಂದಿತು. ಜಾಜು ಗೋಡೆಯ ಬುಡವನ್ನು ಬಿಟ್ಟು ನೆಲಕ್ಕಿಳಿಯಿತು ಎನ್ನಬಹುದು.

ಶಿವನಸಮುದ್ರದಲ್ಲಿ ೧೯೦೨ರಲ್ಲಿ ಹುಟ್ಟಿದ ವಿದ್ಯುತ್ತು ಹಳ್ಳಿಗಳನ್ನು ಮುಟ್ಟಲು ಹಲವು ದಶಕಗಳೇ ಹಿಡಿದುವು. ಮುಟ್ಟಿದ ಮೇಲೆ ಬಿಳುಪಿಗೆ ಇದ್ದ ಮುಖ್ಯ ಕಾರಣವೇ ಸಡಿಲವಾಯಿತು. ಬೆಳಕು ಬಲ್ಬಿನಿಂದ ಬರುವಾಗ ಗೋಡೆಯು ಬೆಳಕನ್ನು ಜತನಮಾಡಬೇಕಾಗಿಲ್ಲ, ಹಸಿರಾಗಬಹುದು, ಗುಲಾಬಿಯಾಗಬಹುದು. ಡಿಸ್ಟೆಂಪರು, ಸಿಮೆಂಟುಬಣ್ಣ, ಎನಾಮಲ್, ಕೊನೆಗೆ ಎಮಲ್ಷನ್ ಎಂಬ ಕ್ರಮದಲ್ಲಿ ಬಣ್ಣಗಳ ಸಂಖ್ಯೆ ನಾಲ್ಕರಿಂದ ನಾಲ್ಕು ನೂರಕ್ಕೂ ಮೀರಿತು. ಪಡಸಾಲೆಗೆ 'ಹಾಲ್' ಎಂದು ಹೆಸರಾಯಿತು. ಕೊಬ್ಬರಿಗೆ ಬೇರೆ ಕಣಜವನ್ನು ಕಟ್ಟಿಸಿದವರ ಮನೆಯಲ್ಲಿ ಅಟ್ಟವೂ ಕಾಣೆಯಾಯಿತು.

ಇಷ್ಟಾದರೂ ಹಳೆಯ ವ್ಯಾಕರಣ ಪೂರ್ತಿಯಾಗಿ ಅಳಿದಿಲ್ಲವೆಂಬುದು ಗಮನಾರ್ಹ. ಜಾಜಿನ ಪಟ್ಟೆಯಿದ್ದ ಎತ್ತರದಲ್ಲಿಯೇ ಎಣ್ಣೆಬಣ್ಣದ ಪಟ್ಟೆ ಬಂದಿತು. ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಅದನ್ನು ಇಂದಿಗೂ ನೋಡಬಹುದು. ಕಾರಣ ಅದೇ: ಒರಗುವ ಬೆನ್ನು, ಮುಟ್ಟುವ ಕೈ. ಹಾಲಿನ ಒಂದು ಗೋಡೆಗೆ ಮಾತ್ರ ಗಾಢವಾದ ಬೇರೆ ಬಣ್ಣವನ್ನು ಹಚ್ಚುವ ಈಚಿನ ರೂಢಿಯನ್ನು ನೋಡುವವರಿಗೆ ಹಸೆಗೋಡೆಯ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ವ್ಯತ್ಯಾಸವೂ ಇದೆ. ಹಸೆಗೋಡೆಗೆ ವಿಶೇಷವನ್ನು ತಂದುದು ಅದರ ಮುಂದೆ ನಡೆದ ಮದುವೆ. ಈ ಗೋಡೆಗೆ ವಿಶೇಷವನ್ನು ತರುವುದು ಅದರ ಬಣ್ಣವೊಂದೇ.

೭

ಈ ಪಲ್ಲಟದ ಬೆಲೆಯನ್ನು ಕಟ್ಟುವಾಗ ಎರಡು ಬಗೆಯ ಉತ್ಪ್ರೇಕ್ಷೆಗಳನ್ನು ಬಿಡಬೇಕು. ಹಳೆಯದೆಲ್ಲ ಸೊಗಸು ಎನ್ನುವವರು ಸುಣ್ಣದ ಗಡಿಗೆಯ ಮುಂದೆ ಬೆರಳು ಸುಟ್ಟುಕೊಂಡವರನ್ನು ಮರೆಯುತ್ತಾರೆ. ಸಾರಣೆ ಕಾರಣೆ ಬಿಡುವಿಲ್ಲದ ದುಡಿಮೆ. ಅದಕ್ಕೆ ಕೂಲಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಐದಾರು ವರ್ಷ ಬಾಳುವ ಬಣ್ಣವು ಮನೆಯ ಹೆಂಗಸರಿಗೆ ಕೊಟ್ಟ ಬಿಡುವನ್ನು ಲಘುವಾಗಿ ಎಣಿಸತಕ್ಕದ್ದಲ್ಲ. ಹೊಸದೆಲ್ಲ ಮೇಲು ಎನ್ನುವವರು ಇನ್ನೊಂದನ್ನು ಮರೆಯುತ್ತಾರೆ. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಹೊರಕ್ಕೆ ಬಿಡುವ ಗೋಡೆ. ಸುಣ್ಣದ ಪೊರೆ ಅದನ್ನು ತಡೆಯುವುದಿಲ್ಲ. ಅಂಥ ಗೋಡೆಯ ಮೇಲೆ ಸಿಮೆಂಟಿನ ಗಾರೆಯನ್ನೋ ಎಣ್ಣೆಬಣ್ಣವನ್ನೋ ಮೆತ್ತಿದರೆ ತೇವವು ಒಳಗೇ ಉಳಿದು, ಮೇಲಿನ ಪದರ ಉಬ್ಬಿ ಉದುರುತ್ತದೆ, ಒಳಗಿನ ಮಣ್ಣು ಸಡಿಲವಾಗುತ್ತದೆ. ಹಳೆಯ ಮನೆಯನ್ನು ಉಳಿಸಿಕೊಳ್ಳಬೇಕೆಂದು ಒಳ್ಳೆಯ ಬಣ್ಣ ಹಚ್ಚಿಸಿ ಅದನ್ನು ಬೇಗ ಕಳೆದುಕೊಳ್ಳುವುದು ಹೀಗೆ. ಡಬ್ಬಿಯ ಬಣ್ಣಗಳಲ್ಲಿ ಬಹುಕಾಲ ಸೇರಿದ್ದ ಸೀಸವು ಮಕ್ಕಳಿಗೆ ವಿಷವೆಂಬುದನ್ನು ಮನಗಂಡು, ಮನೆಬಳಕೆಯ ಬಣ್ಣಗಳಲ್ಲಿ ಅದರ ಪ್ರಮಾಣವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದೆಂದು ಭಾರತ ಸರ್ಕಾರವು ನಿಯಮವನ್ನು ಮಾಡಿದುದು ೨೦೧೬ರಲ್ಲಿ. ಕೆಮ್ಮಣ್ಣಿನಲ್ಲಿ ಈ ಭಯವಿರಲಿಲ್ಲ.

ಆದುದರಿಂದ ಲಾಭನಷ್ಟಗಳನ್ನು ಬೇರೆಬೇರೆಯಾಗಿ ಬರೆದಿಡುವುದೇ ಚರಿತ್ರಕಾರನಿಗೆ ತಕ್ಕ ಮಾರ್ಗ. ಬಣ್ಣದ ಆಯ್ಕೆ ಹೆಚ್ಚಿತು. ಗೆರೆಯ ಆಯ್ಕೆ ಹೋಯಿತು. ದುಡಿಮೆ ಕಡಿಮೆಯಾಯಿತು, ಪದಾರ್ಥದ ತಿಳಿವಳಿಕೆಯೂ ಅದರೊಡನೆ ಕಡಿಮೆಯಾಯಿತು. ಯಾವ ಕಲ್ಲು ಸುಣ್ಣವಾಗುತ್ತದೆ, ಯಾವ ಮಣ್ಣು ಗೋಡೆಗೆ ಹಿಡಿಯುತ್ತದೆ, ಗಂಜಿ ಎಷ್ಟು ಬೀಳಬೇಕು ಎಂಬ ವಿದ್ಯೆ ಯಾವ ಪುಸ್ತಕದಲ್ಲಿಯೂ ಸೇರದೆ ಕೈಯಿಂದ ಕೈಗೆ ಬಂದುದು. ಕೈ ನಿಂತರೆ ಅದೂ ನಿಲ್ಲುತ್ತದೆ.

ಆದರೂ ಒಂದು ದಾಖಲೆ ಉಳಿದಿದೆ, ಅದು ಗೋಡೆಯೇ. ವರ್ಷಕ್ಕೊಂದರಂತೆ ಬಳಿದ ಸುಣ್ಣದ ಪೊರೆಗಳು ಮರದ ಉಂಗುರಗಳಂತೆ ಒಂದರ ಮೇಲೊಂದು ಕುಳಿತಿವೆ. ಹಳೆಯ ಮನೆಯ ಪಡಸಾಲೆಯಲ್ಲಿ ಪಟವೊಂದನ್ನು ಕೆಳಗಿಳಿಸಿ, ಅದರ ಹಿಂದಿನ ಅಂಗೈಯಗಲದ ಜಾಗವನ್ನು ಮೆಟ್ಟಿಲುಮೆಟ್ಟಿಲಾಗಿ ಹೆರೆದರೆ, ಎಮಲ್ಷನ್ನಿನ ಕೆಳಗೆ ಡಿಸ್ಟೆಂಪರು, ಅದರ ಕೆಳಗೆ ನೀಲಿಸುಣ್ಣ, ಅದರ ಕೆಳಗೆ ಬಿಳಿಸುಣ್ಣ, ಬುಡದಲ್ಲಿ ಜಾಜಿನ ಪಟ್ಟೆ ಎಂಬಂತೆ ಕಾಲಗಳು ತೆರೆದುಕೊಳ್ಳಬೇಕು. ಮನೆಯವರ ಒಪ್ಪಿಗೆಯನ್ನು ಪಡೆದು, ಪದರಗಳ ಸಂಖ್ಯೆ ಬಣ್ಣಗಳನ್ನು ಗುರುತುಹಾಕಿಕೊಂಡು, ಮನೆ ಕಟ್ಟಿದ ವರ್ಷ, ಮದುವೆಗಳು ನಡೆದ ವರ್ಷ, ವಿದ್ಯುತ್ತು ಬಂದ ವರ್ಷಗಳನ್ನು ಹಿರಿಯರಿಂದ ಕೇಳಿ ಜೋಡಿಸಿದರೆ, ಒಂದು ಗ್ರಾಮದ ಗೃಹಜೀವನದ ಕಾಲಮಾನವನ್ನು ಕಟ್ಟಬಹುದು. ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ. ಒಂದು ಚಾಕು, ಒಂದು ಅಳತೆಪಟ್ಟಿ, ಒಂದು ಟಿಪ್ಪಣಿ ಪುಸ್ತಕ ಸಾಕು. ತೆಂಗಿನ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಈ ಕೆಲಸವನ್ನು ಕೈಗೊಳ್ಳಬಹುದು.

ಕಾಲಾವಕಾಶ ಮಾತ್ರ ಹೆಚ್ಚಿಲ್ಲ. ತೊಟ್ಟಿಯ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟುವ ಕೆಲಸ ಎಲ್ಲೆಡೆಯಲ್ಲಿಯೂ ನಡೆದಿದೆ. ಅದನ್ನು ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ, ಏಕೆಂದರೆ ಮನೆಯು ಅದರಲ್ಲಿ ವಾಸಿಸುವವರದು. ಕೆಡವುವ ಮುನ್ನ ಒಂದು ಮೊಳ ಗೋಡೆಯನ್ನು ಓದಿಕೊಳ್ಳಲು ಅವರಲ್ಲಿ ಅನುಮತಿ ಬೇಡುವ ಅಧಿಕಾರವಾದರೂ ನಮಗುಂಟು. ಮುಂದಿನ ಸಂಚಿಕೆಗಳಲ್ಲಿ ಅಂಥ ವರದಿಗಳು ಒಂದೆರಡಾದರೂ ಪ್ರಕಟವಾಗುವುದಾದರೆ ಪ್ರಸ್ತುತ ಲೇಖನದ ಉದ್ದೇಶವು ಸಫಲವಾದಂತೆ.